ಬಿಷಪ್ ಸ್ವಾಮಿಗಳು ಊರಿಗೆ ಬಂದಾಗ

ನಮ್ಮೂರ ಕಡೆ ಬಿಷಪರನ್ನು ಕಣ್ಣಾರೆ ಕಾಣುವ ಎಷ್ಟೋ ವರ್ಷ ಮುಂಚೆಯೇ ಅವರ ಹೆಸರು ಮಕ್ಕಳಿಗೆಲ್ಲ ಬಾಯಿಪಾಠವಾಗಿರುತ್ತಿತ್ತು. ಪ್ರತಿ ಬಲಿಪೂಜೆಯಲ್ಲೂ ಗುರುಗಳು ಪೋಪರ ಹೆಸರು ಹೇಳಿ, ಅದರ ಬೆನ್ನಿಗೇ ನಮ್ಮ ಬಿಷಪರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸುತ್ತಾರೆ. ಭಾನುವಾರ ಭಾನುವಾರ ಕೇಳಿದ ಹೆಸರು. ಆ ಹೆಸರಿನವರು ಕಪ್ಪಗಿದ್ದಾರೋ ಕೆಂಪಗಿದ್ದಾರೋ, ನಗುತ್ತಾರೋ ಗದರುತ್ತಾರೋ, ಅದು ಗೊತ್ತಾಗುತ್ತಿದ್ದದ್ದು ಅವರು ಪಾಲನಾ ಭೇಟಿಗೆ ಬಂದ ದಿನ.

ನಮ್ಮದು ಕನಕಪುರ ತಾಲ್ಲೂಕಿನ ಒಂದು ಒಳಹಳ್ಳಿ. ಶುಭ ಶುಕ್ರವಾರದ ಮಹಿಮೆ ನಾಟಕಕ್ಕೆ ಹೆಸರಾದ ಹಾರೋಬೆಲೆಯಂಥ ದೊಡ್ಡ ಕ್ರೈಸ್ತ ಊರಲ್ಲ. ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ, ನಡುವೆ ಹೆಂಚಿನ ದೇವಾಲಯ. ಬಿಷಪ್ ಹೌಸಿನಿಂದ ಕಾಗದ ಬಂತೆಂದರೆ ಫಾದರ್ ಅದನ್ನು ಪೂಜೆಯ ಕೊನೆಗೆ ಓದಿ ಹೇಳುತ್ತಿದ್ದರು. ನಾನು ದೃಢೀಕರಣ ಪಡೆದ ವರ್ಷ ಹಾಗೆ ಓದಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು, "ಸ್ವಾಮಿ, ಆ ವಾರ ಬ್ಯಾಡಿ, ಹುಳ ಹಣ್ಣಾಗೋ ಹೊತ್ತು" ಎಂದರು. ರೇಷ್ಮೆಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಒಂದು ಕೈಯೂ ಬಿಡುವಾಗಿರುವುದಿಲ್ಲ. ಆವತ್ತು ಹುಳ ಬಿಟ್ಟು ಬಂದರೆ ಮೂರು ನಾಲ್ಕು ವಾರದ ದುಡಿಮೆ ಹಾಳು. ಫಾದರ್ ಅದನ್ನೇ ಬರೆದು ಕಳಿಸಿದರು. ಹತ್ತು ದಿನ ಮುಂದಕ್ಕೆ ಹೋಯಿತು. ಬಿಷಪರು ಬರುವ ದಿನವನ್ನು ಊರಿನ ಹುಳ ನೋಡಿ ಗೊತ್ತು ಮಾಡಬಹುದೆಂದು ನಾನು ಕಲಿತದ್ದು ಆಗಲೇ. ಆತಿಥ್ಯದಲ್ಲಿ ಬರುವವರ ಪಾಲೂ ಒಂದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಆಮೇಲೆ ಕಂಡಿಲ್ಲ.

ಆಮೇಲೆ ಶುರುವಾಯಿತು ನೋಡಿ ತಯಾರಿ. ಗೋಡೆಗೆ ಸುಣ್ಣ, ಅಂಗಳಕ್ಕೆ ಸಗಣಿ, ಚಪ್ಪರಕ್ಕೆ ತೆಂಗಿನ ಗರಿ, ಬಾಗಿಲಿಗೆ ಬಾಳೆಕಂದು ಮತ್ತು ಮಾವಿನ ತೋರಣ. ಇದನ್ನೆಲ್ಲ ಊರವರು ಹಬ್ಬದ ತೇರಿಗೂ ಮಾಡುತ್ತಾರೆ, ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾಗಿದ್ದದ್ದು ಉಳಿದದ್ದು. ಅದನ್ನು ನಮ್ಮ ಉಪದೇಶಿಗಳು ವಹಿಸಿಕೊಂಡರು. ಫಾದರ್ ನಾಲ್ಕಾರು ಹಳ್ಳಿ ಸುತ್ತುವವರು. ಊರಲ್ಲೇ ಇದ್ದು ಮಕ್ಕಳಿಗೆ ಜಪ ಕಲಿಸುವುದು, ಸತ್ತವರ ಮನೆಯಲ್ಲಿ ಪ್ರಾರ್ಥನೆ ನಡೆಸುವುದು ಎಲ್ಲ ಉಪದೇಶಿಗಳೇ. ಸಂಜೆ ಸಂಜೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಂದು ಕೊಡೆಯನ್ನು ಬಿಷಪರ ದಂಡವೆಂದು ಕೈಗೆ ಕೊಟ್ಟು ಅಭ್ಯಾಸ ಮಾಡಿಸಿದರು. ಬಿಷಪರು ಹಿಡಿದಾಗ ಆ ದಂಡದ ತುದಿಯ ಸುರುಳಿ ಜನರ ಕಡೆ ತಿರುಗಿರಬೇಕು. ಹುಡುಗರು ಹಿಡಿದಿರುವಾಗ ಅದು ಹಿಡಿದವರ ಕಡೆ ತಿರುಗಿರಬೇಕು, ಏಕೆಂದರೆ ಮಂದೆಯನ್ನು ಕಾಯುವ ಅಧಿಕಾರ ಹಿಡಿದುಕೊಂಡವನದಲ್ಲ, ಕೊಟ್ಟವನದು. ದಂಡವನ್ನೂ ಕಿರೀಟವನ್ನೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಹೆಗಲ ಮೇಲೆ ಇಳಿಬಿಟ್ಟ ಉದ್ದನೆಯ ಬಟ್ಟೆಯ ಅಂಚಿನಿಂದ ಹಿಡಿಯಬೇಕು.

ಉಂಗುರದ ವಿಷಯವನ್ನು ಅವರು ಹೇಳಿದ ರೀತಿ ನನಗೆ ಇವತ್ತಿಗೂ ಕಿವಿಯಲ್ಲಿದೆ. ಅವರ ಕಾಲದ ಪದ್ಧತಿಯಲ್ಲಿ ಬಿಷಪರ ಎದುರು ಮಂಡಿಯೂರಿ ಉಂಗುರಕ್ಕೆ ಮುತ್ತಿಡಬೇಕಿತ್ತು. "ಎಡಮಂಡಿ ಬಿಷಪ್ ಸ್ವಾಮಿಗೆ, ಬಲಮಂಡಿ ದೇವರೊಬ್ಬನಿಗೇ. ಕಲಸ್ಕೊಂಡೀರಿ ಮಕ್ಳಾ, ಜೋಕೆ" ಎನ್ನುತ್ತಿದ್ದರು. ನಮ್ಮ ಹೊತ್ತಿಗೆ ಯಾರೂ ಮಂಡಿಯೂರಲೇಬೇಕೆಂದು ಕೇಳುತ್ತಿರಲಿಲ್ಲ. ಕೈಜೋಡಿಸಿ ತಲೆಬಾಗಿದರೂ ಸಾಕು, ಬಿಷಪರು ಕೈ ಚಾಚಿದರೆ ಉಂಗುರಕ್ಕೆ ಮುತ್ತಿಟ್ಟರೂ ಸರಿ. ಈಗ ನನ್ನನ್ನು ಯಾರಾದರೂ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ಅವರ ಕೈಯನ್ನು ಎಳೆದುಕೊಳ್ಳಬೇಡಿ, ಆದರೆ ಅಜ್ಜಿಯೊಬ್ಬಳು ಕಾಲಿಗೆ ಬೀಳಲು ಬಗ್ಗಿದರೆ ತಡೆಯಲೂ ಬೇಡಿ. ಅದು ಅವಳ ಭಕ್ತಿ.

ನನ್ನ ಅಜ್ಜಿ ದೃಢೀಕರಣ ಪಡೆದದ್ದು ಫ್ರೆಂಚ್ ಬಿಷಪರಿಂದ. ಆಗಿನ್ನೂ ಬೆಂಗಳೂರು ಬೇರೆ ಧರ್ಮಕ್ಷೇತ್ರವಾಗಿರಲಿಲ್ಲ. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯವರು ನೋಡಿಕೊಳ್ಳುತ್ತಿದ್ದ ಮೈಸೂರು ಧರ್ಮಕ್ಷೇತ್ರ 1940ರಲ್ಲಿ ಎರಡಾಗಿ, 1942ರಲ್ಲಿ ತಾಮಸ್ ಪೋತಕಮೂರಿಯವರು ಬಂದ ಮೇಲೆ ಬೆಂಗಳೂರಿಗೆ ಮೊದಲ ಸಲ ಭಾರತೀಯ ಬಿಷಪರಾದರು. ಅಜ್ಜಿಯ ಕಾಲದಲ್ಲಿ ಬಿಷಪರ ಸವಾರಿ ಎತ್ತಿನ ಗಾಡಿಯಲ್ಲಿ. ಊರ ಹೊರಗೆ ಇಳಿಸಿ, ತಮಟೆ ಬಡಿದು, ಲ್ಯಾಟಿನಿನಲ್ಲಿ 'ಎಚ್ಚೆ ಸಾಚೆರ್ದೋಸ್ ಮಾಗ್ನುಸ್' ಹಾಡಿ ಕರೆತರುತ್ತಿದ್ದರಂತೆ. ದೃಢೀಕರಣದಲ್ಲಿ ಹಣೆಗೆ ಎಣ್ಣೆ ಹಚ್ಚಿದ ಮೇಲೆ ಬಟ್ಟೆ ಕಟ್ಟುವುದು ಆಗಿನ ಪದ್ಧತಿ. ಜೊತೆಗೆ ಬಿಷಪರು ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಡುತ್ತಿದ್ದರು. ವಿಶ್ವಾಸಕ್ಕಾಗಿ ನೋವು ತಿನ್ನಲು ಸಿದ್ಧರಾಗಿರಿ ಎಂಬುದು ಅದರ ಅರ್ಥ. 1971ರಲ್ಲಿ ಆರನೇ ಪೌಲ್ ಪೋಪರು ದೃಢೀಕರಣದ ವಿಧಿಯನ್ನು ಹೊಸದಾಗಿ ರೂಪಿಸಿದಾಗ ಆ ಏಟು ಬಿಟ್ಟುಹೋಯಿತು. "ಸ್ವಾಮಿ ಕೆನ್ನೆಗೆ ತಟ್ಟುದ್ರು ಕಣಪ್ಪ. ನೋವಾಗ್ಲಿಲ್ಲ. ಆದ್ರೆ ಇವತ್ಗೂ ನೆಪ್ಪೈತೆ" ಎಂದು ಅಜ್ಜಿ ಕೆನ್ನೆ ಮುಟ್ಟಿಕೊಂಡು ಹೇಳುತ್ತಿದ್ದಳು.

ಬಾಗಿಲಲ್ಲಿ ಆರತಿ ಎತ್ತುವುದು ಅವಳ ಕಾಲದಲ್ಲಿ ಇರಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಭಾರತದ ಬಿಷಪರು ಕೇಳಿದ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಕೈಮುಗಿದು ನಮಸ್ಕರಿಸುವುದು, ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಆರತಿ ಇವೆಲ್ಲ ಅದರಲ್ಲಿದ್ದವು. ನಮ್ಮ ದೊಡ್ಡಮ್ಮ ಹಿತ್ತಾಳೆ ತಟ್ಟೆಯಲ್ಲಿ ದೀಪವಿಟ್ಟು ಬಿಷಪರಿಗೆ ಆರತಿ ಎತ್ತಿದಾಗ ಅಜ್ಜಿ ಪಕ್ಕದಲ್ಲೇ ನಿಂತು ನೋಡಿದಳು. ಮೊದಲು ಮುಖ ಬಿಗಿದಿತ್ತು. ಬಿಷಪರು ದೀಪಕ್ಕೆ ತಲೆಬಾಗಿದ್ದನ್ನು ಕಂಡ ಮೇಲೆ ಸಡಿಲಾಯಿತು.

ಬಂದ ಬಿಷಪರನ್ನು ಬಾಗಿಲಲ್ಲಿ ಎದುರುಗೊಳ್ಳುವ ಕ್ರಮ ಚಿಕ್ಕದು, ಆದರೆ ಅದರಲ್ಲಿ ಎಲ್ಲ ಇದೆ. ಫಾದರ್ ಶಿಲುಬೆಯನ್ನು ಮುಂದೆ ಹಿಡಿಯುತ್ತಾರೆ, ಬಿಷಪರು ಅದಕ್ಕೆ ಮುತ್ತಿಡುತ್ತಾರೆ. ಬಂದವರಿಗೆ ನಮಸ್ಕಾರ ಮಾಡುವ ಮೊದಲೇ ಬಂದವರೇ ನಮಸ್ಕರಿಸಬೇಕಾದ ವಸ್ತುವೊಂದು ಹೊಸ್ತಿಲಲ್ಲಿ ಕಾದಿರುತ್ತದೆ! ಆಮೇಲೆ ತೀರ್ಥ. ಅವರು ತಮ್ಮ ಮೇಲೆ ಚಿಮುಕಿಸಿಕೊಂಡು ನಮ್ಮ ಮೇಲೂ ಚಿಮುಕಿಸುತ್ತಾರೆ. ನೇರ ಪರಮಪ್ರಸಾದದ ಪೆಟ್ಟಿಗೆಯ ಮುಂದೆ ಹೋಗಿ ಮಂಡಿಯೂರಿ ಸುಮ್ಮನೆ ಪ್ರಾರ್ಥಿಸುತ್ತಾರೆ. ಆ ಹೊತ್ತಿನಲ್ಲಿ ಯಾರೂ ಹಾರ ಹಾಕಬಾರದು, ಮೈಕಿನಲ್ಲಿ ಮಾತಾಡಬಾರದು, ಫೋಟೊ ತೆಗೆಯುವವರು ಮುಂದೆ ಹೋಗಿ ನಿಲ್ಲಬಾರದು. ನಮ್ಮೂರಲ್ಲಿ ಅಂದು ತಮಟೆಯವರೂ ಹೊಸ್ತಿಲಾಚೆ ನಿಂತು ತಾವಾಗಿ ಸುಮ್ಮನಾದರು. ಅವರು ಕ್ರೈಸ್ತರಲ್ಲ, ಆದರೆ ದೊಡ್ಡವರು ದೇವರ ಮುಂದೆ ಕೂತಾಗ ವಾದ್ಯ ನಿಲ್ಲಬೇಕೆಂಬುದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪೂಜೆಯ ಪೀಠದ ಮೇಲೆ ಆವತ್ತು ಏಳು ಮೇಣದಬತ್ತಿ. ಧರ್ಮಕ್ಷೇತ್ರದ ಬಿಷಪರೇ ಬಲಿಪೂಜೆ ಅರ್ಪಿಸುವಾಗ ಏಳು ಹಚ್ಚುವುದು ರೂಢಿ. ಬೇರೆ ಧರ್ಮಕ್ಷೇತ್ರದ ಬಿಷಪರು ಬಂದರೆ ಹಾಗಿಲ್ಲ. ದಂಡ ಹಿಡಿಯುವುದಕ್ಕೂ ಅವರಿಗೆ ಇಲ್ಲಿನ ಬಿಷಪರ ಒಪ್ಪಿಗೆ ಬೇಕು. ಬಿಷಪರ ನೇರಳೆ ಟೊಪ್ಪಿಯನ್ನು ಪೂಜೆಯ ಮಧ್ಯೆ, ಮಹಾಪ್ರಾರ್ಥನೆ ಶುರುವಾಗುವ ಮೊದಲು ಹುಡುಗನೊಬ್ಬ ತೆಗೆದಿಡಬೇಕು. ಪರಮಪ್ರಸಾದ ಮುಗಿದ ಮೇಲೆಯೇ ಮತ್ತೆ ತಲೆಗೆ. ಆ ಕೆಲಸ ನನ್ನದಾಗಿತ್ತು. ಅಷ್ಟು ಹತ್ತಿರದಿಂದ ನೋಡಿದಾಗ ಅವರ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಮನೆಮಾತು ಕನ್ನಡವಲ್ಲದ ಅವರು ಪ್ರಬೋಧನೆಯನ್ನು ಬರೆದು ತಂದಿದ್ದರು. ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, ಕನ್ನಡದಲ್ಲೇ ಪೂರ್ತಿ ಓದಿದರು. ಊರವರು ವರ್ಷಾನುಗಟ್ಟಲೆ ಮಾತಾಡಿಕೊಂಡದ್ದು ಅದನ್ನೇ.

ದೃಢೀಕರಣದ ಎಣ್ಣೆಯ ಬಗ್ಗೆ ಒಂದು ಮಾತು ಹೇಳಬೇಕು. ಸುಗಂಧ ಬೆರೆಸಿದ ಆ ಎಣ್ಣೆಯನ್ನು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಪವಿತ್ರ ವಾರದಲ್ಲಿ, ಬಿಷಪರೇ ಮಂತ್ರಿಸುತ್ತಾರೆ. ಸಾಲಾಗಿ ಬರುವ ಮಕ್ಕಳ ಹಣೆಗೆಲ್ಲ ಹಚ್ಚುವ ಹೊತ್ತಿಗೆ ಅವರ ಹೆಬ್ಬೆರಳು ಜಿಡ್ಡಾಗಿರುತ್ತದೆ. ಬರಿ ನೀರಿಗೆ ಅದು ಹೋಗುವುದಿಲ್ಲ. ನಮ್ಮ ಸಿಸ್ಟರ್ ಒಂದು ತಟ್ಟೆಯಲ್ಲಿ ನಿಂಬೆಹಣ್ಣಿನ ಹೋಳು, ಇನ್ನೊಂದರಲ್ಲಿ ಕಡಲೆಹಿಟ್ಟು, ಚೊಂಬಿನಲ್ಲಿ ಬಿಸಿನೀರು, ಇಸ್ತ್ರಿ ಮಾಡಿದ ಟವಲು ಇಟ್ಟಿದ್ದರು. ಬೇರೆ ಕಡೆ ಬ್ರೆಡ್ಡಿನ ಚೂರು ಇಡುತ್ತಾರೆ. ಇಂಥವನ್ನು ನೆನಪಿಡುವವರು ಪ್ರತಿ ಧರ್ಮಕೇಂದ್ರದಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಹೆಸರು ವಂದನಾರ್ಪಣೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಬರಬೇಕು.

ಊಟಕ್ಕೆ ಏನು ಮಾಡಬೇಕೆಂದು ಊರಲ್ಲಿ ದೊಡ್ಡ ಚರ್ಚೆಯಾಗಿತ್ತು. ಕನಕಪುರದಿಂದ ಅಡುಗೆಯವರನ್ನು ಕರೆಸಿ ಬಿರಿಯಾನಿ ಮಾಡಿಸೋಣ ಎಂದರು ಕೆಲವರು. ಫಾದರ್ ಬಿಷಪರ ಕಾರ್ಯದರ್ಶಿಯನ್ನು ಕೇಳಿ ತಿಳಿದುಕೊಂಡರು: ಸ್ವಾಮಿಗಳಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಖಾರ ಕಮ್ಮಿ. ಕೊನೆಗೆ ಮುದ್ದೆ, ಅವರೆಕಾಳಿನ ಸಾರು, ಸ್ವಲ್ಪ ನಾಟಿಕೋಳಿ. ಅದಕ್ಕಿಂತ ನನಗೆ ನೆನಪಿರುವುದು ಡ್ರೈವರ್ ವಿಷಯ. ಉಪದೇಶಿಗಳು ಪೂಜೆ ನಡೆಯುತ್ತಿರುವಾಗಲೇ ಡ್ರೈವರನ್ನು ತಮ್ಮ ಮನೆಗೆ ಕರೆದೊಯ್ದು ಕಾಫಿ ತಿಂಡಿ ಕೊಡಿಸಿ, ಮಧ್ಯಾಹ್ನ ಬಿಷಪರು ಕೂತ ಪಂಕ್ತಿಯ ಕೊನೆಯಲ್ಲೇ ಅವರಿಗೂ ಎಲೆ ಹಾಕಿಸಿದರು. ಎಷ್ಟೋ ಕಡೆ ಡ್ರೈವರು ಕಾರಿನಲ್ಲೇ ಕೂತು ಯಾರಾದರೂ ಕರೆಯುತ್ತಾರೇನೋ ಎಂದು ನೋಡುತ್ತಿರುವುದನ್ನು ನಾನು ಮುಂದೆ ಕಂಡಿದ್ದೇನೆ. ಒಂದು ಧರ್ಮಕೇಂದ್ರದ ನಡವಳಿಕೆಯನ್ನು ಅಳೆಯಲು ಅದೊಂದೇ ಸಾಕು.

ಊಟದ ಮೇಲೆ ಬಿಷಪರು ಮಲಗಲಿಲ್ಲ. ಫಾದರ್ ಮೇಜಿನ ಮೇಲೆ ಜ್ಞಾನಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳನ್ನು ಇಟ್ಟಿದ್ದರು. ಅವನ್ನು ನೋಡುವುದು ಪಾಲನಾ ಭೇಟಿಯಲ್ಲಿ ಬಿಷಪರ ಕೆಲಸ, ಧರ್ಮಸಭೆಯ ಕಾನೂನಿನಲ್ಲೇ ಹೇಳಿದೆ. ಪುಟ ತಿರುಗಿಸುತ್ತಾ, ಹಳೆಯ ಫ್ರೆಂಚ್ ಗುರುಗಳ ಕೈಬರಹ ಓದುತ್ತಾ, ಕೊನೆಗೆ ಸಹಿ ಹಾಕಿದರು. ಆಮೇಲೆ ಎಲ್ಲರೊಡನೆ ಸಮಾಧಿ ಭೂಮಿಗೆ ನಡೆದರು. ಇದೂ ಆ ಭೇಟಿಯ ಕ್ರಮದಲ್ಲೇ ಇದೆ: ಬದುಕಿರುವವರನ್ನು ನೋಡಲು ಬಂದ ಬಿಷಪರು ಸತ್ತವರಿಗಾಗಿಯೂ ಪ್ರಾರ್ಥಿಸಬೇಕು. ಕಲ್ಲಿಲ್ಲದ ಗೋರಿಗಳೇ ಹೆಚ್ಚು. ಅವುಗಳ ಮೇಲೆ ತೀರ್ಥ ಬಿದ್ದಾಗ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಅಲ್ಲಿಂದ ವಾಪಸ್ಸು ಬರುವ ದಾರಿಯಲ್ಲಿ ಉಪದೇಶಿಗಳು ಜೇಬಿನಿಂದ ಒಂದು ಚೀಟಿ ತೆಗೆದರು. ಅದರಲ್ಲಿ ಹಾಸಿಗೆ ಹಿಡಿದವರ ಮನೆಗಳ ಪಟ್ಟಿ. ಒಂದೊಂದು ಮನೆಯ ಮುಂದೂ ಯಾರಿಗೆ ಏನಾಗಿದೆ, ಕಿವಿ ಕೇಳುತ್ತದೋ ಇಲ್ಲವೋ, ಮನೆಯಲ್ಲಿ ಯಾರಿದ್ದಾರೆ ಎಂದು ಬರೆದಿತ್ತು. ಮೊದಲ ಹೆಸರು ಊರಿನ ಸೂಲಗಿತ್ತಿಯದು. ನಮ್ಮಲ್ಲಿ ಅರ್ಧ ಜನರನ್ನು ಭೂಮಿಗೆ ತಂದ ಕೈಗಳು ಸೆಟೆದುಹೋಗಿ ವರ್ಷಗಳಾಗಿದ್ದವು. ಬಾಗಿಲು ಕುಳ್ಳು. ಬಿಷಪರು ಬಗ್ಗಿ ಒಳಗೆ ಹೋಗಿ ಅವಳ ಚಾಪೆಯ ಪಕ್ಕ ನೆಲದ ಮೇಲೆ ಕೂತರು. "ಯಾರು?" ಎಂದಳು, ಕಣ್ಣು ಕಾಣದು. "ಬಿಷಪ್ ಸ್ವಾಮಿ ಬಂದವ್ರೆ ಕಣಜ್ಜಿ" ಎಂದರು ಉಪದೇಶಿಗಳು. ಅವಳು ಪೂಜೆಯಲ್ಲಿ ಕೇಳುತ್ತಿದ್ದ ಆ ಹೆಸರನ್ನು ಹೇಳಿ, "ಅವ್ರೇನಾ?" ಎಂದು ಕೇಳಿದಳು. ಹೌದೆಂದರು. ಅವಳು ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಹೊರಡುವ ಹೊತ್ತು ಮೀರಿತು. ಬೇರೆ ಊರಲ್ಲಿ ಸಂಜೆಯ ಪೂಜೆ ಇತ್ತು, ಕಾರ್ಯದರ್ಶಿ ಗಡಿಯಾರ ನೋಡುತ್ತಿದ್ದರು. ಬಿಷಪರು ಪಟ್ಟಿಯಲ್ಲಿದ್ದ ಮನೆಗಳನ್ನೆಲ್ಲ ಮುಗಿಸಿಯೇ ಕಾರು ಹತ್ತಿದ್ದು.

ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ, ಪಾಲನಾ ಸಮಿತಿಯ ಕೆಲಸ ಮೈಮೇಲೆ ಬಂದಾಗ, ನಾನು ಪಾಲನಾ ಭೇಟಿಯ ಹಳೆಯ ಕಾನೂನುಗಳನ್ನು ಓದಿದೆ. 1179ರ ಮೂರನೇ ಲ್ಯಾಟರನ್ ಮಹಾಸಭೆ ಭೇಟಿಯ ಖರ್ಚಿನ ಬಗ್ಗೆ ಕಟುವಾಗಿ ಮಾತಾಡಿದೆ. ಆಗ ಯುರೋಪಿನಲ್ಲಿ ಬಿಷಪರು ಭೇಟಿಗೆ ಬಂದರೆ ಅವರ ಪರಿವಾರವನ್ನು ಸಾಕಲು ಬಡ ಗುರುಗಳು ದೇವಾಲಯದ ಒಡವೆ ಮಾರುವ ಸ್ಥಿತಿ ಬಂದಿತ್ತು. ಮಹಾಸಭೆ ಮಿತಿ ಹಾಕಿತು: ಆರ್ಚ್‌ಬಿಷಪರಿಗೆ 40-50 ಕುದುರೆ, ಬಿಷಪರಿಗೆ 20-30, ಅದಕ್ಕಿಂತ ಹೆಚ್ಚು ತರುವಂತಿಲ್ಲ. ಬೇಟೆನಾಯಿ, ಬೇಟೆಹಕ್ಕಿ ಕರೆತರುವಂತಿಲ್ಲ. ಭಾರಿ ಔತಣ ಕೇಳುವಂತಿಲ್ಲ. ಹದಿನಾರನೇ ಶತಮಾನದ ಟ್ರೆಂಟ್ ಮಹಾಸಭೆಯೂ ಅದನ್ನೇ ಮತ್ತೆ ಹೇಳಿತು. ಈಗ ಜಾರಿಯಲ್ಲಿರುವ 1983ರ ಕಾನೂನು ಸಂಹಿತೆಯ 396ನೇ ವಿಧಿ ಐದು ವರ್ಷಕ್ಕೊಮ್ಮೆಯಾದರೂ ಇಡೀ ಧರ್ಮಕ್ಷೇತ್ರವನ್ನು ಸುತ್ತಿಬರಬೇಕು ಎನ್ನುತ್ತದೆ. 398ನೇ ವಿಧಿ, ಬೇಡದ ಖರ್ಚಿನಿಂದ ಯಾರ ಮೇಲೂ ಭಾರ ಹಾಕಬಾರದೆಂದು ಬಿಷಪರನ್ನೇ ಎಚ್ಚರಿಸುತ್ತದೆ. ಎಂಟು ಶತಮಾನ ದಾಟಿದರೂ ಇದೇ ಮಾತನ್ನು ಕಾನೂನಿನಲ್ಲಿ ಬರೆಯಬೇಕಾಗಿದೆ ಎಂದರೆ, ತಪ್ಪುವುದು ಎಷ್ಟು ಸುಲಭ ಎಂದು ಅದನ್ನು ಬರೆದವರಿಗೆ ಚೆನ್ನಾಗಿ ಗೊತ್ತು.

ಈಗ ಕುದುರೆಯಿಲ್ಲ. ಖರ್ಚು ಬೇರೆ ದಾರಿಯಲ್ಲಿ ಬರುತ್ತದೆ, ಮತ್ತು ಅದನ್ನು ತರುವವರು ಬಿಷಪರಲ್ಲ, ನಾವು. ನಗರದ ಒಂದು ಧರ್ಮಕೇಂದ್ರದಲ್ಲಿ ನಾನು ಅತಿಥಿಯಾಗಿ ಹೋಗಿದ್ದ ಭೇಟಿಯೊಂದು ನೆನಪಾಗುತ್ತದೆ. ಪೂಜೆಯಾದ ಮೇಲೆ ವೇದಿಕೆ ಕಾರ್ಯಕ್ರಮ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಮತ್ತೊಂದು ಸಂಘದಿಂದ ಮತ್ತೊಂದು ಶಾಲು. ರಾಜಕೀಯದವರು ಬಂದರು, ಅವರಿಗೂ ಶಾಲು. ಬಿನ್ನವತ್ತಳೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ತಮಿಳಿನಲ್ಲಿ. ನನ್ನ ಪಕ್ಕದಲ್ಲಿ ಕೂತಿದ್ದ ತಾಯಿಯೊಬ್ಬರು ಕೈಯಲ್ಲಿ ಮಡಚಿದ ಕಾಗದ ಹಿಡಿದಿದ್ದರು. ಅವರ ಮಗ ಬೇರೆ ಧರ್ಮದ ಹುಡುಗಿಯನ್ನು ಮದುವೆಯಾಗಬೇಕೆಂದಿದ್ದ. ದೇವಾಲಯದಲ್ಲೇ ಮದುವೆ ಆಗಬೇಕೆಂದು ತಾಯಿಯ ಆಸೆ. ಅದಕ್ಕೆ ಬಿಷಪರ ಅನುಮತಿ ಬೇಕು. ಒಂದು ಮಾತು ಅವರ ಕಿವಿಗೆ ಹಾಕಿದರೆ ಸಾಕೆಂದು ಕಾದಿದ್ದರು. ಕಾರ್ಯಕ್ರಮ ಮುಗಿಯುತ್ತಲೇ ಸ್ವಯಂಸೇವಕರು ಕೈಕೈ ಹಿಡಿದು ದಾರಿ ಮಾಡಿ ಬಿಷಪರನ್ನು ಊಟಕ್ಕೆ, ಊಟದಿಂದ ಕಾರಿಗೆ ಕರೆದೊಯ್ದರು. ಆ ತಾಯಿ ಕಾಗದವನ್ನು ಚೀಲದೊಳಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಅಂದು ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಓಡಾಡಿದ್ದರು. ಆದರೂ ಆ ಆತಿಥ್ಯ ಆತಿಥ್ಯವಾಗಲಿಲ್ಲ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಬಿಷಪರು ಯಾರಿಗಾಗಿ ಬಂದಿದ್ದರೋ ಅವರಿಂದಲೇ ಅವರನ್ನು ದೂರ ಇಡಲಾಯಿತು.

ನಮ್ಮ ಧರ್ಮಕೇಂದ್ರಕ್ಕೆ ಭೇಟಿ ಗೊತ್ತಾದಾಗ ಸಮಿತಿಯಲ್ಲಿ ನಾನು ನಮ್ಮೂರ ಉಪದೇಶಿಗಳ ಚೀಟಿಯ ಕಥೆ ಹೇಳಿದೆ. ವಾದವಾಯಿತು. ಶಾಲು ಹೊದಿಸದಿದ್ದರೆ ಅಗೌರವ ಎಂದರು ಹಿರಿಯರೊಬ್ಬರು, ಅವರ ಮಾತಿನಲ್ಲೂ ತೂಕವಿತ್ತು. ಬಡವರು ಕೊಡುವ ಒಂದು ಹಾರದಲ್ಲಿ ಅವರ ಮಾನವಿರುತ್ತದೆ, ಅದನ್ನು ಉಳಿತಾಯದ ಹೆಸರಲ್ಲಿ ತೆಗೆದುಹಾಕುವಂತಿಲ್ಲ. ಹಾಗಾಗಿ ಇಡೀ ಧರ್ಮಕೇಂದ್ರದ ಪರವಾಗಿ ಒಂದು ಶಾಲು, ಒಂದು ಹಾರ, ಒಂದು ಬಿನ್ನವತ್ತಳೆ ಎಂದಾಯಿತು. ಶಾಲು ಹೊದಿಸಿದವರು ದೇವಾಲಯ ಗುಡಿಸುವ ಅಮ್ಮ. ಊಟ ಎಲ್ಲರ ಮನೆಯಿಂದಲೂ ಬಂತು. ಮಧ್ಯಾಹ್ನ ಫಾದರ್ ಕೋಣೆಯಲ್ಲಿ ಎರಡು ಕುರ್ಚಿ ಹಾಕಿ ಬಾಗಿಲು ಮುಂದೆ ಮಾಡಿ, ಬೇಕಾದವರು ಒಬ್ಬೊಬ್ಬರೇ ಹೋಗಿ ಮಾತಾಡಬಹುದೆಂದು ಪೂಜೆಯಲ್ಲೇ ಹೇಳಿಸಿದೆವು. ಫಾದರ್ ಆ ಹೊತ್ತಿನಲ್ಲಿ ತಾವಾಗಿಯೇ ಶಾಲೆಯ ಕಡೆ ಹೋಗಿಬಿಟ್ಟರು, ತಮ್ಮ ಮೇಲೆ ದೂರು ಹೇಳುವವರಿಗೂ ಸಂಕೋಚವಾಗದಿರಲಿ ಎಂದು. ಅದು ಅವರ ದೊಡ್ಡತನ. ಸಾಲಿನಲ್ಲಿ ನಿಂತವರಲ್ಲಿ ನಾವು ಎಂದೂ ಸಭೆಯಲ್ಲಿ ಬಾಯಿ ತೆರೆದದ್ದನ್ನು ಕಾಣದವರೇ ಹೆಚ್ಚಿದ್ದರು. ಒಳಗೆ ಏನು ಮಾತಾಯಿತೋ ನಾವು ಕೇಳಲಿಲ್ಲ, ಕೇಳಬಾರದು. ಬಿಷಪರು ಅಲ್ಲಿಂದ ಎದ್ದು ಮನೆಮನೆಗೆ ಹೋದರು.

ಉಂಗುರ, ದಂಡ, ಏಳು ಮೇಣದಬತ್ತಿ, ಟೊಪ್ಪಿ ತೆಗೆಯುವ ಹೊತ್ತು ಎಲ್ಲ ಮುಖ್ಯವೇ, ಅವನ್ನು ಮಕ್ಕಳಿಗೆ ಚೆನ್ನಾಗಿ ಕಲಿಸಿ. ಆದರೆ ನಿಮ್ಮ ಧರ್ಮಕೇಂದ್ರಕ್ಕೆ ಪಾಲನಾ ಭೇಟಿಯ ದಿನ ಗೊತ್ತಾದ ಕೂಡಲೇ, ಚಪ್ಪರದವರಿಗೂ ಅಡುಗೆಯವರಿಗೂ ಫೋನ್ ಮಾಡುವ ಮೊದಲು, ಹಾಸಿಗೆ ಹಿಡಿದವರ ಮನೆಗಳ ಪಟ್ಟಿ ಬರೆಯಿರಿ. ಬಿಷಪರ ಕಾರ್ಯದರ್ಶಿಗೆ ನೀವು ಕಳಿಸುವ ಮೊದಲ ಕಾಗದ ಅದೇ ಆಗಿರಲಿ.